ಆಪ್‌ನಲ್ಲಿ 97, ಅಪ್ಪನಿಗೆ ದಮ್ಮು: ಫೋನನ್ನು ಎಲ್ಲಿಯವರೆಗೆ ನಂಬಬೇಕು?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 63 ವರ್ಷ. ಬಹಳ ವರ್ಷ ಬೀಡಿ ಸೇದಿ ಈಗ ಬಿಟ್ಟಿದ್ದಾರೆ. ಹೋದ ವರ್ಷ ಕಲಬುರಗಿಯಲ್ಲಿ ತೋರಿಸಿದಾಗ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಎಂದರು. ದಿನಾ ಇನ್‌ಹೇಲರ್ ತಗೋತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ಅವರಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ರಕ್ತದಲ್ಲಿ ಆಕ್ಸಿಜನ್ ಎಷ್ಟು ಪ್ರತಿಶತ ಎಂದು ತೋರಿಸುವ ಆಪ್ ಹಾಕಿಕೊಟ್ಟೆ. ಅದು ಯಾವಾಗಲೂ 97, 98 ಎನ್ನುತ್ತದೆ. ಆದರೆ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಅಪ್ಪನಿಗೆ ದಮ್ಮು ಹತ್ತುತ್ತದೆ ಅಂತಾಳೆ ಅವ್ವ. ಯಾವುದನ್ನು ನಂಬಲಿ? ಫೋನಿನಿಂದ ಅಪ್ಪನ ಉಸಿರಾಟದ ಮೇಲೆ ನಿಗಾ ಇಡೋಕೆ ಆಗುತ್ತಾ? ಸ್ಮಾರ್ಟ್‌ವಾಚ್ ಕೊಡಿಸಬೇಕಾ?

ಉತ್ತರ: ಅವ್ವನನ್ನು ನಂಬಿ. ಆ ಆಪ್ ಅನ್ನು ಇವತ್ತೇ ತೆಗೆದುಹಾಕಿ. ಫೋನ್ ಮಾತ್ರ ಇರಲಿ, ಅದರಿಂದ ಬೇರೆ ಒಳ್ಳೆಯ ಕೆಲಸಗಳಾಗುತ್ತವೆ.

ಮೊದಲು ಆ 97 ಎಲ್ಲಿಂದ ಬರುತ್ತದೆ ನೋಡೋಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎರಡು ಬಗೆಯ ಬೆಳಕನ್ನು ಬೆರಳಿನೊಳಗೆ ಹಾಯಿಸುತ್ತದೆ. ಒಂದು ಕೆಂಪು, ಸುಮಾರು 660 ನ್ಯಾನೊಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940 ನ್ಯಾನೊಮೀಟರ್. ಆಕ್ಸಿಜನ್ ತುಂಬಿದ ರಕ್ತ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹೀರುತ್ತದೆ. ಆಕ್ಸಿಜನ್ ಕಳೆದುಕೊಂಡ ರಕ್ತ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ. ಎರಡನ್ನೂ ಹೋಲಿಸಿದಾಗ ಅಂಕಿ ಸಿಗುತ್ತದೆ. ಫೋನಿನ ಫ್ಲ್ಯಾಶ್ ಬಿಳಿ ಬೆಳಕಿನದು, ಅದರಲ್ಲಿ ಆ ಇನ್‌ಫ್ರಾರೆಡ್ ಇರುವುದಿಲ್ಲ. ಮೇಲಾಗಿ, ಫೋಟೊದ ಬಣ್ಣ ಕೆಡಬಾರದು ಎಂದು ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಹಾಕಿರುತ್ತಾರೆ. ಅಂದರೆ ಲೆಕ್ಕಕ್ಕೆ ಬೇಕಾದ ಅರ್ಧ ಮಾಹಿತಿ ಆಪ್‌ಗೆ ಸಿಗುವುದೇ ಇಲ್ಲ. ಗ್ಯಾಲಕ್ಸಿ ಎಸ್9ರಂಥ ಕೆಲವು ಫೋನುಗಳ ಹಿಂಬದಿಯಲ್ಲಿ ಇದಕ್ಕೆಂದೇ ಬೇರೆ ಸೆನ್ಸರ್ ಕೊಟ್ಟಿದ್ದರು. ಈಗಿನ ಮಾಮೂಲಿ ಫೋನುಗಳಲ್ಲಿ ಅದಿಲ್ಲ.

ಹಾಗಾದರೆ 97 ಯಾಕೆ ಸರಿ ಅನ್ನಿಸುತ್ತದೆ? ಆರೋಗ್ಯವಂತರ ಆಕ್ಸಿಜನ್ ಸಾಮಾನ್ಯವಾಗಿ 95ರಿಂದ 100ರ ನಡುವೆಯೇ ಇರುತ್ತದೆ. ಎದುರಿಗಿರುವವರನ್ನು ನೋಡದೆ ಸುಮ್ನೆ 97 ಎಂದು ಹೇಳಿದರೂ ಬಹಳಷ್ಟು ಸಲ ಅದು ನಿಜಕ್ಕೆ ಹತ್ತಿರವೇ ಇರುತ್ತದೆ. ತಪ್ಪುವುದು ಆಕ್ಸಿಜನ್ ಇಳಿದಾಗ. ನಮಗೆ ಅಂಕಿ ಬೇಕಾಗುವುದೂ ಆಗಲೇ ಅಲ್ವಾ? ಕೋವಿಡ್ ಸಮಯದಲ್ಲಿ, 2020ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಇಂಥ ಆಪ್‌ಗಳ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಚಿಕಿತ್ಸೆಗೆ ಇವನ್ನು ಬಳಸಬೇಡಿ ಎಂದು ನೇರವಾಗಿ ಬರೆದರು. ಅದೇ ವರ್ಷ ನಮ್ಮ ಗೃಹ ಸಚಿವಾಲಯದ ಸೈಬರ್ ಸುರಕ್ಷತೆಯ ಖಾತೆ ‘ಸೈಬರ್ ದೋಸ್ತ್’ ಕೂಡ ನಕಲಿ ಆಕ್ಸಿಮೀಟರ್ ಆಪ್‌ಗಳು ಫೋನಿನ ಖಾಸಗಿ ಮಾಹಿತಿ ಕದಿಯಬಹುದು ಎಂದು ಎಚ್ಚರಿಸಿತ್ತು. ಅಪ್ಪನ ಫೋನಿನಲ್ಲಿ ಬ್ಯಾಂಕಿನ ಮೆಸೇಜ್‌ಗಳೂ ಬರುತ್ತವೆ, ನೆನಪಿರಲಿ.

ಸಂಶೋಧನೆ ನಿಂತಿಲ್ಲ. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಫೋನ್ ಕ್ಯಾಮೆರಾದಿಂದ 70ರವರೆಗೂ ಆಕ್ಸಿಜನ್ ಅಳೆಯಲು ಪ್ರಯತ್ನಿಸಿದರು. ಆಕ್ಸಿಜನ್ ಇಳಿದಿದೆಯೋ ಇಲ್ಲವೋ ಎಂಬುದನ್ನು ಸುಮಾರು 80 ಪ್ರತಿಶತ ಸಲ ಸರಿಯಾಗಿ ಹೇಳಲಾಯಿತು. ಒಳ್ಳೆಯ ಕೆಲಸ. ಆದರೆ ಪರೀಕ್ಷೆಗೆ ಇದ್ದವರು 6 ಜನ, ಎಲ್ಲರೂ 20ರಿಂದ 34 ವಯಸ್ಸಿನವರು. ಅವರಲ್ಲಿ ಒಬ್ಬರ ಕೈ ಜಡ್ಡುಗಟ್ಟಿತ್ತು, ಅವರ ಅಂಕಿ ಹಿಡಿಯುವುದೇ ಕಷ್ಟವಾಯಿತು. ಇದನ್ನು ಓದಿದಾಗ ನನಗೆ ನಮ್ಮ ಭಾಗದ ಕೈಗಳು ಕಣ್ಮುಂದೆ ಬಂದವು. ಕುಡುಗೋಲು ಹಿಡಿದ, ಶಹಾಬಾದ್ ಫರ್ಸಿ ಕಲ್ಲು ಎತ್ತಿದ ಕೈಗಳು. ಈ ತಂತ್ರ ಅಂಥ ಕೈಗಳ ಮೇಲೆ ಗೆಲ್ಲುವವರೆಗೂ ನಿಮ್ಮ ಅಪ್ಪನಂಥವರಿಗೆ ಅದು ಬೇಡ.

ಇನ್ನೊಂದು ಮುಖ್ಯವಾದ ಮಾತು. ಆ 97 ಒಂದು ವೇಳೆ ನಿಜವೇ ಆಗಿದ್ದರೂ ಅವ್ವನ ಮಾತು ಸುಳ್ಳಾಗುವುದಿಲ್ಲ. ಸಿಒಪಿಡಿಯಲ್ಲಿ ಒಳಗಿನ ಗಾಳಿಕೊಳವೆಗಳು ಕಿರಿದಾಗಿರುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಜೋರಾಗಿ ನಡೆದಾಗ ಹಳೆ ಗಾಳಿ ಒಳಗೇ ಉಳಿದು, ಹೊಸದಕ್ಕೆ ಜಾಗ ಸಾಲದೆ ಎದೆ ಬಿಗಿಯುತ್ತದೆ. ಕುಳಿತಾಗ ಆಕ್ಸಿಜನ್ ಚೆನ್ನಾಗಿರಬಹುದು, ನಡೆದಾಗ ದಮ್ಮು ಹತ್ತಬಹುದು. ಎರಡೂ ಒಟ್ಟಿಗೇ ನಿಜ. ಹಾಗಾಗಿ ಆಕ್ಸಿಜನ್ ಒಂದನ್ನೇ ನೋಡುತ್ತಾ ಕೂತರೆ ಈ ಕಾಯಿಲೆ ಕೈಗೆ ಸಿಗುವುದಿಲ್ಲ.

ಆಪ್ ಬದಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊಡಿಸಿ. ದುಬಾರಿಯದೇನೂ ಬೇಡ, ಆದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿನ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಐದು ನಿಮಿಷ ಕುಳಿತ ಮೇಲೆ, ಕೈ ಬೆಚ್ಚಗಿರುವಾಗ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಲಿ. ಚರ್ಮ ಕಪ್ಪಗಿದ್ದರೆ ಈ ಯಂತ್ರಗಳೂ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಅಮೆರಿಕದ ಆಸ್ಪತ್ರೆಗಳ ಲೆಕ್ಕ ನೋಡಿ 2020ರಲ್ಲಿ ವೈದ್ಯರು ಇದನ್ನು ದೊಡ್ಡದಾಗಿ ಎತ್ತಿ ತೋರಿಸಿದರು. ಆದ್ದರಿಂದ ಒಂದು ದಿನದ ಅಂಕಿಗಿಂತ ಅಪ್ಪನ ಮಾಮೂಲಿ ಅಂಕಿ ಎಷ್ಟು, ಅದರಿಂದ ಎಷ್ಟು ಇಳಿಯಿತು ಎಂಬುದು ಮುಖ್ಯ. ಮಾಮೂಲಿಗಿಂತ ಮೂರು, ನಾಲ್ಕು ಇಳಿದು ಅಲ್ಲೇ ನಿಂತರೆ ಡಾಕ್ಟರಿಗೆ ಫೋನ್ ಮಾಡಿ. ಕುಳಿತಿರುವಾಗಲೇ 88ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಹೊರಡಿ.

ಈಗ ಫೋನಿನ ಒಳಗೆ ನಿಜವಾಗಿ ಬೆಲೆಯುಳ್ಳ ಸೆನ್ಸರ್ ಯಾವುದು ಎಂದು ಹೇಳುತ್ತೇನೆ. ಅದು ಅಕ್ಸೆಲೆರೋಮೀಟರ್, ಅಲುಗಾಟ ಹಿಡಿಯುವ ಪುಟ್ಟ ಚಿಪ್. ಫೋನ್ ಅಡ್ಡ ತಿರುಗಿಸಿದಾಗ ಪರದೆ ತಿರುಗುವುದು ಅದರಿಂದಲೇ. ಹೆಜ್ಜೆ ಎಣಿಸುವುದೂ ಅದೇ. ಅಗ್ಗದ ಫೋನಿನಲ್ಲೂ ಇರುತ್ತದೆ.

ಹೆಜ್ಜೆಗೂ ದಮ್ಮಿಗೂ ಏನು ಸಂಬಂಧ ಅಂತೀರಾ? ಸಿಒಪಿಡಿ ಇರುವವರು ತಮಗೆ ಗೊತ್ತಿಲ್ಲದೆಯೇ ಓಡಾಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಮೊದಲು ಹೊಲದ ಕೊನೆಯ ಬದುವಿನವರೆಗೂ ಹೋಗುತ್ತಿದ್ದವರು ಬಾವಿಯ ಹತ್ತಿರವೇ ನಿಲ್ಲುತ್ತಾರೆ. ಆಮೇಲೆ ಹೊಲಕ್ಕೆ ಮಗನನ್ನೋ ಆಳನ್ನೋ ಕಳಿಸುತ್ತಾರೆ. ಆಮೇಲೆ ಕಟ್ಟೆಗೂ ಹೋಗುವುದಿಲ್ಲ. ನೀವು ಫೋನ್ ಮಾಡಿ ‘ದಮ್ಮು ಹ್ಯಾಂಗದ ಅಪ್ಪಾ?’ ಎಂದರೆ ‘ಆರಾಮ್ ಅದ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಡೆಯದೇ ಇದ್ದರೆ ದಮ್ಮು ಯಾಕೆ ಹತ್ತುತ್ತದೆ? ಹೊರರೋಗಿ ವಿಭಾಗದಲ್ಲಿ ನಾನು ಜಾಸ್ತಿ ಹೆದರುವುದು ಈ ‘ಆರಾಮ್’ ಎಂಬ ಉತ್ತರಕ್ಕೇ. ನಡಿಗೆ ಕಡಿಮೆಯಾದಂತೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಕಾಲಿಗೆ ಅಷ್ಟೇ ದೂರಕ್ಕೆ ಇನ್ನೂ ಜಾಸ್ತಿ ಉಸಿರು ಬೇಕಾಗುತ್ತದೆ. ಎಷ್ಟು ಓಡಾಡುತ್ತಾರೆ ಎಂಬುದರ ಮೇಲೆ ಈ ರೋಗಿಗಳ ಮುಂದಿನ ವರ್ಷಗಳು ನಿಂತಿವೆ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬಾಯಲ್ಲಿ ಬಾರದ ಆ ಸಂಗತಿಯನ್ನು ಹೆಜ್ಜೆಯ ಲೆಕ್ಕ ಹೇಳುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋಗಿ, ರೋಗಿ ನಡೆಯುವಾಗ ಜೊತೆಗಿದ್ದ ಮಾಮೂಲಿ ಫೋನಿನ ಅಲುಗಾಟದಿಂದಲೇ ಶ್ವಾಸಕೋಶದ ಸ್ಥಿತಿ ಅಂದಾಜು ಮಾಡಲು ಕೆಲಸ ಮಾಡಿದ್ದಾರೆ. ನಮಗೆ ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ಹೆಜ್ಜೆ ಸಾಕು.

ಫೋನ್ ದಿನಾ ಒಂದೇ ಜಾಗದಲ್ಲಿರಬೇಕು. ಅಂಗಿಯ ಕಿಸೆ ಎಂದರೆ ಅಂಗಿಯ ಕಿಸೆಯೇ. ಇವತ್ತು ಕಿಸೆಯಲ್ಲಿ, ನಾಳೆ ಅವ್ವನ ಕೈಯಲ್ಲಿ, ನಾಡಿದ್ದು ಚಾರ್ಜಿಗೆ ಎಂದಾದರೆ ಲೆಕ್ಕಕ್ಕೆ ಅರ್ಥವಿಲ್ಲ. ಅಗ್ಗದ ಫೋನುಗಳಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹೆಜ್ಜೆ ಎಣಿಸುವ ಆಪ್ ಅನ್ನು ಮಲಗಿಸಿಬಿಡುತ್ತದೆ. ಆ ಆಪ್ ಒಂದಕ್ಕೆ ಅದನ್ನು ಬಂದ್ ಮಾಡಿ. ಟ್ರ್ಯಾಕ್ಟರ್ ಮೇಲೆ ಕುಳಿತು ಹೋದರೆ ಕುಲುಕಾಟವೂ ಹೆಜ್ಜೆಯ ಲೆಕ್ಕಕ್ಕೆ ಸೇರಿಬಿಡಬಹುದು, ಅಂಥ ದಿನ ಬಿಟ್ಟುಬಿಡಿ. ಸಂತೆಯ ದಿನ, ಜಾತ್ರೆಯ ದಿನ, ಮಳೆಯ ದಿನ ಏರಿಳಿತ ಇದ್ದೇ ಇರುತ್ತದೆ. ಅಪ್ಪ ಚೆನ್ನಾಗಿರುವ ಎರಡು ವಾರ ನೋಡಿ ಸರಾಸರಿ ತೆಗೆಯಿರಿ. ಅದೇ ಅವರ ಮಾಮೂಲು. ದಿನಕ್ಕೆ 10,000 ಹೆಜ್ಜೆ ಎಂದು ಆಪ್ ತಾನಾಗಿ ಗುರಿ ಹಾಕಿರಬಹುದು, ಅದನ್ನು ಅಳಿಸಿ. 63ರ ಸಿಒಪಿಡಿ ರೋಗಿಗೆ ಆ ಗುರಿ ಬರೀ ನಿರಾಸೆ ತರುತ್ತದೆ. ಸತತ ಮೂರು ದಿನ ಮಾಮೂಲಿಗಿಂತ ಕಾಲುಭಾಗ ಕಡಿಮೆಯಾದರೆ ಫೋನ್ ಮಾಡಿ ವಿಚಾರಿಸಿ. ಇದು ಪುಸ್ತಕದ ನಿಯಮವಲ್ಲ, ನಾನು ನನ್ನ ರೋಗಿಗಳ ಮನೆಯವರಿಗೆ ಹೇಳುವ ಅಂದಾಜು. ಆಗ ‘ಆರಾಮ್ ಇದ್ದೀರಾ’ ಎಂದು ಕೇಳಬೇಡಿ. ‘ನಿನ್ನಿ ಹೊಲಕ್ಕ ಹೋಗುವಾಗ ಎಲ್ಲಿ ನಿಂತ್ರಿ? ರಾತ್ರಿ ಕೆಮ್ಮಿಗಿ ಎಷ್ಟ ಸಲ ಎದ್ರಿ?’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಇದರ ಜೊತೆಗೆ ವಾರಕ್ಕೊಮ್ಮೆ ಆರು ನಿಮಿಷದ ನಡಿಗೆ ಮಾಡಿಸಬಹುದು. ಆಸ್ಪತ್ರೆಯಲ್ಲಿ ಇದನ್ನು 30 ಮೀಟರ್ ಉದ್ದದ ಸಮತಟ್ಟಾದ ಜಾಗದಲ್ಲಿ ಮಾಡಿಸುತ್ತೇವೆ. ಮೊದಲ ಸಲ ಡಾಕ್ಟರ ಎದುರಿಗೇ ಆಗಲಿ, ಹೃದಯದ ತೊಂದರೆ ಇದ್ದವರು ಕೇಳದೆ ಮಾಡಬಾರದು. ಊರಲ್ಲಿ ಗುಡಿಯ ಮುಂದೆಯೋ ಶಾಲೆಯ ಅಂಗಳದಲ್ಲೋ 30 ಮೀಟರ್ ಅಳೆದು ಎರಡು ಕಲ್ಲು ಇಡಿ. ಫೋನಿನಲ್ಲಿ ಆರು ನಿಮಿಷದ ಟೈಮರ್. ಎಷ್ಟು ಸುತ್ತು ಎಂದು ಜೊತೆಗಿದ್ದವರು ಎಣಿಸಲಿ. ಫೋನಿನ ಜಿಪಿಎಸ್ ತೋರಿಸುವ ದೂರ ಬೇಡ, ಇಷ್ಟು ಚಿಕ್ಕ ಜಾಗದಲ್ಲಿ ಹೋಗಿ ಬರುವುದನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ದಣಿದರೆ ನಿಲ್ಲಲಿ, ಟೈಮರ್ ಓಡುತ್ತಿರಲಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ಮುಗಿಸಬೇಕು. ಸುಮಾರು 30 ಮೀಟರ್ ವ್ಯತ್ಯಾಸ ಬಂದರೆ ನಾವು ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ, ಅಂದರೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿನಷ್ಟು. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಇರಲಿ. ನಮ್ಮ ಮೇ ತಿಂಗಳ ಬಿಸಿಲು ಗಟ್ಟಿ ಆಳನ್ನೂ ಕೂರಿಸುತ್ತದೆ.

ಉಸಿರಿನ ಎಣಿಕೆಗೂ ಆಪ್‌ಗಳಿವೆ. ಎದೆಯ ಮೇಲೆ ಫೋನ್ ಇಟ್ಟರೆ ಅದೇ ಅಲುಗಾಟದ ಚಿಪ್ ಎದೆ ಏರಿಳಿಯುವುದನ್ನು ಹಿಡಿಯುತ್ತದೆ. 2021ರಲ್ಲಿ ಗೂಗಲ್ ತನ್ನ ಫಿಟ್ ಆಪ್‌ನಲ್ಲಿ ಮುಂದಿನ ಕ್ಯಾಮೆರಾದಿಂದ ಎದೆಯ ಚಲನೆ ನೋಡಿ ಎಣಿಸುವ ವ್ಯವಸ್ಥೆಯನ್ನು ಪಿಕ್ಸೆಲ್ ಫೋನುಗಳಿಗೆ ತಂದಿತು. ತಂತ್ರ ಚೆನ್ನಾಗಿದೆ. ಆದರೆ ದಮ್ಮು ಹತ್ತಿದವರು ಅಂಗಾತ ಮಲಗಲಾರರು, ಫೋನಿನ ಮುಂದೆ ಅಲುಗಾಡದೆ ಕೂರಲಾರರು. ಅವ್ವನೇ ಫೋನಿನ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಲಿ. ಎಣಿಸುತ್ತಿದ್ದೇನೆ ಎಂದು ಅಪ್ಪನಿಗೆ ಹೇಳಬಾರದು, ಹೇಳಿದರೆ ಉಸಿರಾಟ ಬದಲಾಗುತ್ತದೆ. ದೊಡ್ಡವರಲ್ಲಿ ಕುಳಿತಾಗ ನಿಮಿಷಕ್ಕೆ 12ರಿಂದ 20 ಮಾಮೂಲು. ಅಪ್ಪನದು ಮೊದಲೇ ಒಂದೆರಡು ಜಾಸ್ತಿ ಇರಬಹುದು. ಸುಮ್ಮನೆ ಕುಳಿತಾಗಲೂ 25 ಮುಟ್ಟಿದರೆ ತಡ ಮಾಡದೆ ಡಾಕ್ಟರಿಗೆ ತಿಳಿಸಿ.

ಮೈಕ್ ಬಗ್ಗೆಯೂ ಕೇಳಿರುತ್ತೀರಿ. ಮೇಲೆ ಹೇಳಿದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ 2012ರಲ್ಲಿ ಸ್ಪೈರೋಸ್ಮಾರ್ಟ್ ಎಂಬುದನ್ನು ಮಾಡಿದರು. ಫೋನನ್ನು ಕೈ ಚಾಚಿದಷ್ಟು ದೂರ ಹಿಡಿದು ಜೋರಾಗಿ ಊದಿದರೆ, ಶಬ್ದದಿಂದಲೇ ಗಾಳಿಯ ವೇಗ ಲೆಕ್ಕ ಹಾಕುವುದು. ಆಸ್ಪತ್ರೆಯ ಯಂತ್ರಕ್ಕೆ ಹೋಲಿಸಿದರೆ ಸರಾಸರಿ 5.1 ಪ್ರತಿಶತ ವ್ಯತ್ಯಾಸ ಬಂತು. ಕೆಮ್ಮು ಎಣಿಸುವ ಆಪ್‌ಗಳೂ ಇವೆ. ಹಳ್ಳಿಮನೆಯಲ್ಲಿ ಇವುಗಳಿಗೆ ಇರುವ ತೊಡಕು ಬೇರೆ. ಕೂಲರ್ ಸದ್ದು, ಪಕ್ಕದಲ್ಲಿ ಮಲಗಿದವರ ಕೆಮ್ಮು, ಹೊರಗೆ ಎಮ್ಮೆ. ಊದುವ ಪರೀಕ್ಷೆಯಲ್ಲಂತೂ ‘ಇನ್ನೂ ಊದ್ರಿ, ಊದ್ರಿ, ಬಿಡಬ್ಯಾಡ್ರಿ’ ಎಂದು ಎದುರು ನಿಂತು ಹುರಿದುಂಬಿಸುವವರು ಬೇಕೇ ಬೇಕು. ಇಲ್ಲದಿದ್ದರೆ ಯಾವ ಯಂತ್ರದ ಅಂಕಿಯೂ ಸುಳ್ಳೇ.

ಇಲ್ಲಿ ನಾನು ನಿಮಗೆ ಒಂದು ಪ್ರಶ್ನೆ ಕೇಳಬೇಕು. ಅಪ್ಪನಿಗೆ ಸ್ಪೈರೋಮೆಟ್ರಿ, ಅಂದರೆ ಆಸ್ಪತ್ರೆಯ ಯಂತ್ರದಲ್ಲಿ ಊದುವ ಪರೀಕ್ಷೆ, ಆಗಿದೆಯಾ? ಒಂದೇ ಸೆಕೆಂಡಿನಲ್ಲಿ ಹೊರಬಿಟ್ಟ ಗಾಳಿಯನ್ನು ಪೂರ್ತಿ ಹೊರಬಿಟ್ಟ ಗಾಳಿಗೆ ಹೋಲಿಸುತ್ತಾರೆ. ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಎಂಬುದು ಗಟ್ಟಿ. ಎಕ್ಸ್‌ರೇ ನೋಡಿ, ಬೀಡಿಯ ಕಥೆ ಕೇಳಿ ಹೆಸರಿಟ್ಟದ್ದು ಮಾತ್ರ ಆಗಿದ್ದರೆ ಒಮ್ಮೆ ಮಾಡಿಸಿಬಿಡಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಮೆಡಿಕಲ್ ಕಾಲೇಜಿನಲ್ಲಿ ಎದೆರೋಗ ವಿಭಾಗವನ್ನು ಕೇಳಿ. ಅಸ್ತಮಾ, ಹೃದಯದ ತೊಂದರೆ, ಹಳೆಯ ಟಿಬಿಯ ಗಾಯ, ಇವೆಲ್ಲವೂ ದಮ್ಮು ತರುತ್ತವೆ. ಹೆಸರೇ ತಪ್ಪಿದ್ದರೆ ಫೋನಿನಲ್ಲಿ ಎಷ್ಟು ನಿಗಾ ಇಟ್ಟರೂ ಪ್ರಯೋಜನವಿಲ್ಲ. ಎರಡು ವಾರ ದಾಟಿದ ಹೊಸ ಕೆಮ್ಮು, ಜ್ವರ, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ಆಕ್ಸಿಜನ್ ಅಳೆಯಲಾರದ ಆ ಕ್ಯಾಮೆರಾಗೆ ನಾನು ಬೇರೆ ಕೆಲಸ ಕೊಡುತ್ತೇನೆ. ಅಪ್ಪ ಇನ್‌ಹೇಲರ್ ತೆಗೆದುಕೊಳ್ಳುವುದನ್ನು ವಿಡಿಯೊ ಮಾಡಿಸಿ, ನೀವೂ ನೋಡಿ, ಡಾಕ್ಟರಿಗೂ ತೋರಿಸಿ. ಎಷ್ಟೋ ಮನೆಗಳಲ್ಲಿ ಔಷಧಿ ಸರಿ ಇರುತ್ತದೆ, ಅದು ಎದೆಗೆ ಇಳಿಯುವುದೇ ಇಲ್ಲ. ಒತ್ತುವ ಪಂಪ್ ಆದರೆ ಅಲುಗಾಡಿಸಿ, ಮೊದಲು ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆಯಬೇಕು. ಪಂಪ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಇದ್ದರೆ ಇನ್ನೂ ಒಳ್ಳೆಯದು. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ತದ್ವಿರುದ್ಧ, ಜೋರಾಗಿ, ಆಳವಾಗಿ ಎಳೆಯಬೇಕು. ಎರಡರಲ್ಲೂ ಹತ್ತು ಎಣಿಸುವಷ್ಟು ಉಸಿರು ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಜನ ಇವೆರಡನ್ನೂ ಅದಲುಬದಲು ಮಾಡಿಕೊಳ್ಳುತ್ತಾರೆ. ಒಂದು ನಿಮಿಷದ ವಿಡಿಯೊದಲ್ಲಿ ಅದು ಕಂಡುಬಿಡುತ್ತದೆ. ಫೋನಿನಿಂದ ನಿಮ್ಮ ಅಪ್ಪನಿಗೆ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ಅನಿಸಿಕೆ.

ಫೋನ್ ಹಿಡಿಯಲಾರದ್ದು ಧೂಳು. ಗಾಳಿಯ ಗುಣಮಟ್ಟ ತೋರಿಸುವ ಆಪ್‌ನ ಅಂಕಿ ದೂರದ ಪಟ್ಟಣದ ಕೇಂದ್ರದ್ದೋ, ಅಲ್ಲಿಂದ ಹಾಕಿದ ಅಂದಾಜೋ ಆಗಿರುತ್ತದೆ. ಎಳ್ಳಮಾವಾಸ್ಯೆಯ ಆಸುಪಾಸು ತೊಗರಿ ಕಟಾವಾಗಿ ರಾಶಿ ಮಷಿನ್ ಓಡುವಾಗ ನಿಮ್ಮ ಹೊಲದಲ್ಲಿ ಏಳುವ ಹೊಟ್ಟು ಅದರಲ್ಲಿ ಕಾಣುವುದಿಲ್ಲ. ವಾಡಿ, ಸೇಡಂ ಕಡೆಯ ಸಿಮೆಂಟ್ ಧೂಳು, ಫರ್ಸಿ ಕೊಯ್ಯುವ ಕಡೆಯ ಪುಡಿ, ತೊಗರಿ ಕಟ್ಟಿಗೆ ಉರಿಸುವ ಒಲೆಯ ಹೊಗೆ, ಯಾವುದೂ ಕಾಣುವುದಿಲ್ಲ. ರಾಶಿಯ ದಿನ ಅಪ್ಪ ಕಣದಿಂದ ದೂರ ಇರಲಿ. ಹೋಗಲೇಬೇಕಾದರೆ ಗಾಳಿ ಬರುವ ಕಡೆ ನಿಲ್ಲಲಿ, ಟವೆಲ್ ಸಾಲದು, ಒಳ್ಳೆಯ ಮಾಸ್ಕ್ ಇರಲಿ. ಆ ವಾರ ಹೆಜ್ಜೆ, ಕೆಮ್ಮು, ಕಫದ ಮೇಲೆ ಜಾಸ್ತಿ ಕಣ್ಣಿಡಿ. ಒಲೆ ಇನ್ನೂ ಕಟ್ಟಿಗೆಯದೇ ಆಗಿದ್ದರೆ ಅವ್ವನ ಎದೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಬೀಡಿ ಮುಟ್ಟದ ಹೆಂಗಸರಿಗೆ ಒಲೆಯ ಹೊಗೆಯಿಂದಲೇ ಈ ಕಾಯಿಲೆ ಬರುತ್ತದೆ.

ದಮ್ಮು ಮಾಮೂಲಿಗಿಂತ ಜಾಸ್ತಿ, ಕಫ ಜಾಸ್ತಿ, ಕಫದ ಬಣ್ಣ ಹಳದಿಗೋ ಹಸಿರಿಗೋ ತಿರುಗಿದ್ದು, ಈ ಮೂರರಲ್ಲಿ ಎರಡು ಕಂಡರೂ ಕಾಯಿಲೆ ಉಲ್ಬಣಿಸುತ್ತಿದೆ ಎಂದು ತಿಳಿದು ಅವತ್ತೇ ಡಾಕ್ಟರನ್ನು ಕಾಣಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ತುಟಿ ಉಗುರು ನೀಲಿಯಾಗಿವೆ, ಮಂಪರು, ಮಾತು ತಡವರಿಕೆ ಎಂದರೆ ಅಂಕಿ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆಕ್ಸಿಮೀಟರ್ 95 ತೋರಿಸಿದರೂ ಸರಿ. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದ್ದರೆ ಅದನ್ನು ಮನಸ್ಸಿಗೆ ಬಂದಷ್ಟು ಏರಿಸಬಾರದು. ಸಿಒಪಿಡಿಯ ಕೆಲವರಲ್ಲಿ ಜಾಸ್ತಿ ಆಕ್ಸಿಜನ್ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಒಳಗೇ ಏರಿ ಮಂಪರು ಬರುತ್ತದೆ. ಅದಕ್ಕೇ ಅಂಥವರಲ್ಲಿ ನಾವು 88ರಿಂದ 92ರ ನಡುವೆ ಇಟ್ಟುಕೊಳ್ಳುತ್ತೇವೆ.

ಕೊನೆಗೆ ಸ್ಮಾರ್ಟ್‌ವಾಚ್. ಅಪ್ಪ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡುವವರಾದರೆ ಬೇಕಿಲ್ಲ. ಮನೆಯಲ್ಲೇ ಬಿಟ್ಟು ಹೋಗುವವರಾದರೆ ಹೆಜ್ಜೆ ಎಣಿಸುವ, ಒಮ್ಮೆ ಚಾರ್ಜ್ ಮಾಡಿದರೆ ವಾರ ಬರುವ ಸಾದಾ ಕೈಪಟ್ಟಿ ಸಾಕು. ಅದರಲ್ಲಿ ಆಕ್ಸಿಜನ್ ಅಂಕಿ ಬಂದರೆ ಚಿಕಿತ್ಸೆಗೆ ಬಳಸಬೇಡಿ, ಬೆರಳಿನ ಆಕ್ಸಿಮೀಟರ್ ಇದ್ದೇ ಇದೆಯಲ್ಲ. ಮನೆಯಲ್ಲಿ ಅಣ್ಣನ ಮಕ್ಕಳೋ ಪಕ್ಕದ ಮನೆಯ ಹುಡುಗರೋ ಇದ್ದರೆ, ರಾತ್ರಿ ಊಟ ಆದ ಮೇಲೆ ಹೆಜ್ಜೆಯ ಅಂಕಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಲು ಅವರಿಗೆ ಹೇಳಿ. ಮುಂದಿನ ತಪಾಸಣೆಗೆ ಹೋಗುವಾಗ ಆ ಅಂಕಿಗಳನ್ನು, ಇನ್‌ಹೇಲರ್ ವಿಡಿಯೊವನ್ನು, ಸ್ಪೈರೋಮೆಟ್ರಿ ಆಗಿದ್ದರೆ ಅದರ ಕಾಗದವನ್ನು ಒಯ್ಯಿರಿ. ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಅವತ್ತೇ ಕೇಳಿ.